ಮಾಂಸದಂಗಡಿಯ ಬಾತ್ಮಾ ಕೂಸಿಗೆ ತಕ್ಕಡಿ ಆರಿಸಿದ್ದು

ನರೀನ್ ಪಟ್ಟಣದ ಸಂತೆಯ ಮಾಂಸದ ಸಾಲಿನಲ್ಲಿ ಹನ್ನೊಂದು ಅಂಗಡಿಗಳು. ಹನ್ನೊಂದು ಕೊಡಲಿಗಳಲ್ಲಿ ಬಾತ್ಮಾಳದ್ದು ಯಾವುದೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು. ಬೇರೆಯವರು ಕುರಿಯ ಸೊಂಟದ ಮೂಳೆಯನ್ನು ಮೂರು ಏಟಿಗೆ ತುಂಡು ಮಾಡಿದರೆ ಅವಳಿಗೆ ಒಂದು ಸಾಕು. ದಿಮ್ಮಿಯ ಮೇಲೆ ಧಡ್ ಎಂದು ಒಂದು ಸದ್ದು, ಆಮೇಲೆ ಮೌನ. ಗಿರಾಕಿಗಳು ಆ ಮೌನದಲ್ಲಿ ಚೌಕಾಸಿ ಮಾಡಲು ಹಿಂಜರಿಯುತ್ತಿದ್ದರು.

ಆ ಕೊಡಲಿಗೊಂದು ಕಥೆಯಿತ್ತು. ಅವಳ ಹದಿನೆಂಟನೇ ವಯಸ್ಸಿನಲ್ಲಿ, ಅವಳು ಓದುತ್ತಿದ್ದ ಪಶುವೈದ್ಯ ಶಾಲೆಯ ಮುಂದಿನ ಬಸ್ ನಿಲ್ದಾಣದಿಂದ ಸಾದಿರ್ ಎಂಬ ಕಟುಕ ಮೂವರು ಗೆಳೆಯರ ಜೊತೆ ಬಂದು ಅವಳನ್ನು ಕಾರಿಗೆ ತುರುಕಿಕೊಂಡು ಹೋಗಿದ್ದ. ಅವನ ಮನೆಯ ಹೆಂಗಸರು ಮದುವೆಯ ಬಿಳಿ ವಸ್ತ್ರವನ್ನು ಅವಳ ತಲೆಗೆ ಕಟ್ಟಿದರು; ಅದು ತಲೆಯ ಮೇಲೆ ನಿಂತರೆ ಮದುವೆಯಾದ ಹಾಗೆ. ಮೂರು ಸಲ ಕಿತ್ತೆಸೆದಳು. ನಾಲ್ಕನೇ ಸಲಕ್ಕೆ ಕೈ ಸೋತಿತು. ಒಂಬತ್ತು ವರ್ಷ ಹೊಡೆಸಿಕೊಂಡಳು. ಚರ್ಮ ಸುಲಿಯುವುದನ್ನೂ ಕೀಲು ಬಿಡಿಸುವುದನ್ನೂ ಅವನಿಂದಲೇ ಕಲಿತಳು. ಹತ್ತನೇ ವರ್ಷದ ಒಂದು ಮಧ್ಯಾಹ್ನ ಅವನು ಕುದುರೆ ಚಾವಟಿ ಹಿಡಿದು ಮೇಲೆ ಬಿದ್ದಾಗ, ಕೈಯಲ್ಲಿದ್ದ ಕೊಡಲಿಯನ್ನು ತಿರುವಿ ಅದರ ಬೆನ್ನಿನಿಂದ ಅವನ ಮೊಣಕಾಲಿನ ಕೆಳಗೆ ಒಂದು ಕೊಟ್ಟಳು. ಸಾದಿರ್ ಆಮೇಲೆ ಸಾಯುವವರೆಗೂ ಕುಂಟಿದ. ಕೈ ಮಾತ್ರ ಮತ್ತೆಂದೂ ಎತ್ತಲಿಲ್ಲ.

ಸಂತೆಯವರು ಇದನ್ನು ಹೊಸ ಸೊಸೆಯಂದಿರಿಗೆ ನಗುನಗುತ್ತಾ ಹೇಳುತ್ತಿದ್ದರು. ಬಾತ್ಮಾ ಎಜೆ, ಅಂದರೆ ಬಾತ್ಮಕ್ಕ, ಎಂದರೆ ಗಂಡಸರೂ ದಾರಿ ಬಿಡುತ್ತಿದ್ದರು. ಅವಳಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಆ ಮಧ್ಯಾಹ್ನ ಮೇಜಿನ ಕೆಳಗೆ ಐದು ವರ್ಷದ ಮಗಳು ಐಪೇರಿ ಕಿವಿ ಮುಚ್ಚಿಕೊಂಡು ಕೂತಿದ್ದಳು ಎಂಬುದನ್ನು ಮಾತ್ರ ಯಾರೂ ಕಥೆಗೆ ಸೇರಿಸುತ್ತಿರಲಿಲ್ಲ.

ಐಪೇರಿ ತಾಯಿಯ ಹಾಗಲ್ಲ. ಮಾತು ಕಡಿಮೆ, ನಡೆದರೆ ಹೆಜ್ಜೆ ಸದ್ದು ಕೇಳದು. ಇಪ್ಪತ್ತಕ್ಕೆ ಮದುವೆಯಾದಳು. ಗಂಡ ಎರ್ಮೆಕ್ ಕಲ್ಲಿದ್ದಲಿನ ಲಾರಿ ಓಡಿಸುವವನು, ಪಟ್ಟಣದಿಂದ ಒಂದು ತಾಸಿನ ದಾರಿಯ ಹಳ್ಳಿಯವನು. ಬಸುರಿಯಾಗಿ ಐದು ತಿಂಗಳಾದಾಗ, ಅಕ್ಟೋಬರಿನ ಚಳಿ ಶುರುವಾಗುವ ಹೊತ್ತಿಗೆ, ಒಂದು ಚೀಲ ಹಿಡಿದು ತವರಿಗೆ ಬಂದು ನಿಂತಳು. ದವಡೆಯ ಮೇಲೆ ಹಸಿರು ತಿರುಗಿದ ಗಾಯ.

ಬಾತ್ಮಾ ಅದನ್ನು ನೋಡಿದಳು. ನೋಡಿ, ಮಾಂಸ ತುಂಬುವ ತನ್ನ ವ್ಯಾನಿನ ಬಾಗಿಲು ತೆರೆದಳು. "ಕಲ್ಲು ಬಿದ್ದ ಜಾಗದಲ್ಲೇ ಭಾರ ಕಣೇ," ಎಂದಳು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಎಲ್ಲ ತಾಯಂದಿರೂ ಹೇಳುವ ಮಾತು ಅದು. "ಇವತ್ತು ಎದ್ದು ಬಂದ್ರೆ ನಾಳೆ ಯಾರ ಕಾಲಿಗಾದ್ರೂ ತಾಗೋ ಕಲ್ಲಾಗ್ತೀಯ. ನಾನು ಒಂಬತ್ತು ವರ್ಷ ಕಾದೆ. ನಿಂಗೂ ಒಂದಿನ ಕೈಗೆ ಕೊಡಲಿ ಸಿಗುತ್ತೆ."

"ನಂಗೆ ಕೊಡಲಿ ಬೇಡಮ್ಮ," ಎಂದಳು ಐಪೇರಿ.

ಬಾತ್ಮಾ ಅವಳನ್ನು ತಾನೇ ಕರೆದುಕೊಂಡು ಹೋಗಿ, ಒಂದು ಕುರಿತೊಡೆ ಸಮೇತ, ಅತ್ತೆಯ ಬಾಗಿಲಲ್ಲಿ ಇಳಿಸಿ ಬಂದಳು.

ಜನವರಿಯಲ್ಲಿ ಎರ್ಮೆಕ್‌ನ ಮನೆಗೆ ನೆಂಟರು ಬಂದಿದ್ದರು. ಐಪೇರಿ ಚಹಾ ಬಗ್ಗಿಸುತ್ತಿದ್ದಳು. ನಡುನೋವಿನಲ್ಲಿ ಗಮನ ತಪ್ಪಿ, ಗಂಡನ ಅಣ್ಣ ಬೋಲೋತನ ಬಟ್ಟಲನ್ನು ಅಂಚಿನವರೆಗೂ ತುಂಬಿಬಿಟ್ಟಳು. ತುಂಬಿದ ಬಟ್ಟಲು ಕೊಡುವುದೆಂದರೆ ಕುಡಿದು ಎದ್ದು ಹೋಗಿ ಎಂದ ಹಾಗೆ. ಬೋಲೋತ್ ಬಟ್ಟಲನ್ನು ಮುಟ್ಟದೆ ಎದ್ದ. ನೆಂಟರ ಕಾರು ತಿರುವು ದಾಟುವವರೆಗೆ ಎರ್ಮೆಕ್ ಅಂಗಳದಲ್ಲಿ ನಿಂತು ಕೈ ಬೀಸಿದ. ಆಮೇಲೆ ಒಳಗೆ ಬಂದು, ಬಟ್ಟಲುಗಳನ್ನು ಬಾಚಿಕೊಳ್ಳುತ್ತಾ ಕೂತಿದ್ದ ಹೆಂಡತಿಯ ಪಕ್ಕೆಗೆ ಬೂಟುಗಾಲಲ್ಲಿ ಒದ್ದ. ಒಂದು ಸಲ. ಎರಡನೆಯ ಸಲ. ಮೂರನೆಯದಕ್ಕೆ ಅವಳ ಕೆಳಗೆ ನೀರು ಹರಿಯಿತು.

ಆರು ವಾರ ಮುಂಚೆ ಹುಟ್ಟಿದ ಹೆಣ್ಣುಮಗು. ಒಂದು ಕಿಲೋ ಎಂಟುನೂರ ನಲವತ್ತು ಗ್ರಾಂ. ಐಪೇರಿ ಆಸ್ಪತ್ರೆಯಲ್ಲಿ "ಹಿಮದ ಮೇಲೆ ಜಾರಿ ಬಿದ್ದೆ" ಎಂದು ಬರೆಸಿದಳು. ಬಾತ್ಮಾ ಓಡಿ ಬಂದಾಗ ಮಗಳ ಪಕ್ಕೆಯ ಮೇಲಿದ್ದ ಗುರುತನ್ನು ನೋಡಿದಳು. ಹಿಮಕ್ಕೆ ಬೂಟಿನ ಹಿಮ್ಮಡಿ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒದ್ದವನ ಕಾಲು ಒಂದು ಕಡೆಗಿರಲಿ, ಆ ಕಾಲಿನ ಮುಂದೆ ಮಗಳನ್ನು ತಂದು ಕೂರಿಸಿದ ವ್ಯಾನು ತನ್ನದೇ.

ಮೂರು ವಾರದ ಮೇಲೆ ಮನೆಗೆ ಕಳಿಸುವಾಗ ಕೂಸು ಎರಡು ಕಿಲೋ ನೂರ ಐವತ್ತು ಗ್ರಾಂ ಇತ್ತು. ಡಾಕ್ಟರಮ್ಮ ಬಾತ್ಮಾಳನ್ನು ಪಕ್ಕಕ್ಕೆ ಕರೆದು ಹೇಳಿದಳು: "ದಿನಕ್ಕೆ ಇಪ್ಪತ್ತು ಗ್ರಾಂ ಆದ್ರೂ ಏರಬೇಕು ಎಜೆ. ಎರಡು ದಿನ ಏರದೇ ಹೋದ್ರೆ ಕಾಯ್ಬೇಡಿ, ಎತ್ಕೊಂಡು ಬಂದುಬಿಡಿ. ಮನೇಲಿ ತೂಗೋಕೆ ಏನಾದ್ರೂ ಇದ್ಯಾ?"

"ತೂಗೋದೇ ನನ್ನ ಕಸುಬು," ಎಂದಳು ಬಾತ್ಮಾ.

ಮಗಳನ್ನೂ ಕೂಸನ್ನೂ ತನ್ನ ಮನೆಗೆ ಕರೆತಂದ ಮೊದಲ ಬೆಳಿಗ್ಗೆಯೇ ಬಾತ್ಮಾ ಅಂಗಡಿಯಿಂದ ಕೊಕ್ಕೆ ತಕ್ಕಡಿ ತಂದಳು. ಸ್ಪ್ರಿಂಗು, ಕೆಳಗೊಂದು ಕಬ್ಬಿಣದ ಕೊಕ್ಕೆ. ತೊಲೆಗೆ ನೇತುಹಾಕಿ, ಶಾಲಿನ ನಾಲ್ಕು ತುದಿ ಗಂಟು ಹಾಕಿ, "ಕೊಡು ಇಲ್ಲಿ" ಎಂದು ಕೈ ಚಾಚಿದಳು.

"ಅದರಲ್ಲಿ ಬೇಡ!" ಐಪೇರಿ ಚೀರಿದಳು. "ನಿನ್ನೆ ಅದರಲ್ಲಿ ಕುರಿತಲೆ ನೇತಾಡ್ತಿತ್ತು!"

"ತೊಳ್ದಿದೀನಿ ಕಣೇ."

"ಬೇಡ ಅಂದ್ನಲ್ಲ!"

"ಡಾಕ್ಟ್ರು ಹೇಳಿದ್ದು ಕೇಳ್ಲಿಲ್ವಾ? ಕೊಡೇ!" ಬಾತ್ಮಾಳ ಕೈ ತಾನೇ ಮೇಲೆದ್ದಿತು. ಐಪೇರಿ ಕೂಸನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ, ಭುಜಗಳನ್ನು ಕಿವಿಯವರೆಗೆ ಎಳೆದುಕೊಂಡು ಏಟಿಗೆ ಸಿದ್ಧಳಾಗಿ ಕೂತಳು. ಎಷ್ಟು ಪಳಗಿದ ಕೂರುವಿಕೆ ಅದು! ಬಾತ್ಮಾ ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತೊಲೆಯಲ್ಲಿದ್ದ ತಕ್ಕಡಿಯನ್ನೇ ಬಿಚ್ಚಿಕೊಂಡಳು. ಹೇಗೂ ಅದರ ಗೆರೆಗಳು ಐವತ್ತೈವತ್ತು ಗ್ರಾಮಿನವು. ಚಳಿಗೆ ಸ್ಪ್ರಿಂಗು ಬಿಗಿದರಂತೂ ಇಪ್ಪತ್ತು ಗ್ರಾಂ ಮುಳ್ಳಿನ ದಪ್ಪದಲ್ಲೇ ಅಡಗಿಹೋಗುತ್ತಿತ್ತು.

ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಐದೈದು ಗ್ರಾಂ ತೋರಿಸುತ್ತಿತ್ತು, ನಿಜ. ಆದರೆ ಅದು ಕಿಲೋಗೆ ನಲವತ್ತು ಗ್ರಾಂ ಹೆಚ್ಚು ತೋರಿಸುವ ಹಾಗೆ ತಿರುಚಿಸಿದವಳು ಅವಳೇ. ಊರಿಗೆಲ್ಲ ಸುಳ್ಳು ತೂಗಿದ ತಟ್ಟೆಯ ಮೇಲೆ ಮೊಮ್ಮಗಳನ್ನು ಮಲಗಿಸಿ ಯಾವ ಧೈರ್ಯದಲ್ಲಿ ನಂಬುವುದು? ನೆರೆಮನೆಯವರ ಬಳಿ ನಿಂತು ತೂಗಿಕೊಳ್ಳುವ ತಕ್ಕಡಿಯಿತ್ತು. ಕೂಸನ್ನು ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು, ಒಂದರಿಂದ ಇನ್ನೊಂದನ್ನು ಕಳೆಯಿರಿ ಎಂದರು. ಅದು ನೂರು ಗ್ರಾಂಗಿಂತ ಕೆಳಗೆ ಇಳಿಯದು. ಬಾತ್ಮಾ ನಾಲ್ಕು ಸಲ ಹತ್ತಿಳಿದು ನಾಲ್ಕು ಬೇರೆ ಬೇರೆ ಉತ್ತರ ಪಡೆದು, ಅದನ್ನು ಕಾಲಲ್ಲಿ ಒದ್ದು ವಾಪಸು ಕೊಟ್ಟಳು.

ಸಂತೆಯ ಮೂಲೆಯಲ್ಲಿ ತಕ್ಕಡಿ ರಿಪೇರಿಯ ಯಾಕೂಬ್‌ಜಾನ್ ಕೂರುತ್ತಿದ್ದ. ಉಜ್ಗೆನ್ ಕಡೆಯ ಉಜ್ಬೆಕ್ ಮುದುಕ. ಸಂತೆಯ ಅರ್ಧ ತಕ್ಕಡಿಗಳಿಗೆ ಸುಳ್ಳು ಕಲಿಸಿದವನು.

"ಬಾಯ್ಕೆ," ಬಾತ್ಮಾ ಅವನನ್ನು ಅಣ್ಣನೆಂದೇ ಕರೆಯುತ್ತಿದ್ದಳು, "ನಂಗೊಂದು ಸರಿಯಾಗಿ ತೂಗೋ ತಕ್ಕಡಿ ಬೇಕು."

ಮುದುಕ ಕನ್ನಡಕ ತೆಗೆದು ಒರೆಸಿಕೊಂಡ. "ಇಪ್ಪತ್ತೆಂಟು ವರ್ಷದಿಂದ ಕೂತಿದೀನಿ, ಈ ಮಾತು ಯಾರೂ ಕೇಳಿರ್ಲಿಲ್ಲ. ಕೇಳಿದ್ದು ನೋಡು ಯಾರು! ಬಾತ್ಮಾ! ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?"

"ನಗಬೇಡ. ಕೂಸಿಗೆ."

ಅವನ ನಗು ನಿಂತಿತು. ಸುದ್ದಿ ಅವನಿಗೂ ತಲುಪಿತ್ತು. ಎದ್ದು ಒಳಗಿನಿಂದ ಎರಡು ತಂದಿಟ್ಟ. ಒಂದು ಹೊಸದು, ಚೀನಾದ್ದು, ಬಿಳಿ ಪ್ಲಾಸ್ಟಿಕ್ಕಿನ ತೊಟ್ಟಿಲಂಥದ್ದು, ಅಂಕಿ ಹಸಿರಾಗಿ ಹೊಳೆಯುವಂಥದ್ದು. ಇನ್ನೊಂದು ಯಾವುದೋ ಮುಚ್ಚಿಹೋದ ಹೆರಿಗೆ ಮನೆಯದು: ಎನಾಮಲ್ ತಟ್ಟೆ, ಮುಂದೆ ಎರಡು ಕಬ್ಬಿಣದ ಪಟ್ಟಿ, ಪಟ್ಟಿಗಳ ಮೇಲೆ ಜಾರುವ ಎರಡು ಗುಂಡು. ದೊಡ್ಡದು ಅರ್ಧರ್ಧ ಕಿಲೋಗೆ, ಚಿಕ್ಕದು ಹತ್ತು ಹತ್ತು ಗ್ರಾಂಗೆ.

ಬಾತ್ಮಾ ಹಿತ್ತಾಳೆಯ ಒಂದು ಕಿಲೋ ತೂಕದ ಬಟ್ಟು ತೆಗೆದುಕೊಂಡು ಎರಡರ ಮೇಲೂ ಇಟ್ಟು ನೋಡಿದಳು. ನಡುವೆ ಇಟ್ಟಳು, ನಾಲ್ಕು ಮೂಲೆಗಳಲ್ಲೂ ಇಟ್ಟಳು. ಮೂಲೆಗೆ ಸರಿದಾಗ ಹೊಸದು ಹದಿನೈದು ಗ್ರಾಂ ತಪ್ಪಿತು. ಹಳೆಯದು ತಪ್ಪಲಿಲ್ಲ.

"ಬಟ್ಟು ಸುಮ್ನೆ ಕೂರುತ್ತೆ ಬಾಯ್ಕೆ. ಕೂಸು ಕೂರುತ್ತಾ?"

ಅವಳು ಕೋಳಿ ಸಾಲಿಗೆ ಹೋಗಿ ಎರಡು ಕಿಲೋ ತೂಗುವ ಒಂದು ಹುಂಜವನ್ನು ಕಾಲು ಕಟ್ಟಿಸಿಕೊಂಡು ಬಂದಳು. ಹೊಸ ತಕ್ಕಡಿಯ ಮೇಲೆ ಮಲಗಿಸಿದೊಡನೆ ಹುಂಜ ರೆಕ್ಕೆ ಬಡಿದು ಒದ್ದಾಡಿತು. ಹಸಿರು ಅಂಕಿಗಳು ಒಂದು ಒಂಬೈನೂರು, ಎರಡು ಇನ್ನೂರು, ಒಂದು ಎಂಟುನೂರು ಎಂದು ಕುಣಿದವು. ಅದರಲ್ಲೊಂದು ಗುಂಡಿ ಒತ್ತಿದರೆ ಅಂಕಿ ನಿಲ್ಲುತ್ತಿತ್ತು, ಆದರೆ ಕುಣಿಯುವಾಗ ಸಿಕ್ಕಿದ್ದನ್ನು ಹಿಡಿದು ನಿಲ್ಲಿಸುತ್ತಿತ್ತು. ಚಳಿಗೆ ಬ್ಯಾಟರಿಯೂ ಸೋತು ಅಂಕಿಗಳು ಮಂಕಾದವು. ಹಳೆಯದರ ಪಟ್ಟಿಯೂ ಮೇಲೆ ಕೆಳಗೆ ತೂಗಾಡಿತು. ಬಾತ್ಮಾ ಚಿಕ್ಕ ಗುಂಡನ್ನು ಬೆರಳ ತುದಿಯಲ್ಲಿ ಸರಿಸುತ್ತಾ ಕಾದಳು. ಒದ್ದಾಟದ ನಡುವೆಯೂ ಪಟ್ಟಿ ಎಲ್ಲಿಗೆ ಮರಳಿ ಬರುತ್ತದೆಂದು ಕಣ್ಣಿಗೆ ಕಾಣುತ್ತಿತ್ತು. ಎರಡು ಕಿಲೋ ಅರವತ್ತು. ಇಳಿಸಿ ಮತ್ತೆ ಮಲಗಿಸಿದಳು. ಎರಡು ಕಿಲೋ ಅರವತ್ತು.

"ಇದೇ," ಎಂದಳು.

"ಹುಂಜ?"

"ಬಾಣಂತಿಗೆ ಸಾರಾಗುತ್ತೆ." ಅಲ್ಲೇ ಮೆಟ್ಟಿಲ ಮೇಲೆ ಅದರ ಕುತ್ತಿಗೆ ಕೊಯ್ದು, ರಕ್ತ ಹಿಮದ ಮೇಲೆ ಬಸಿಯಲು ಬಿಟ್ಟು, ತಕ್ಕಡಿಯನ್ನು ಬೆನ್ನಿಗೆ ಕಟ್ಟಿಸಿಕೊಂಡಳು.

ಮನೆಯಲ್ಲಿ ಐಪೇರಿ ಫೋನು ಹಿಡಿದು ಅಳುತ್ತಿದ್ದಳು. ಅತ್ತೆ ಕಲೀಚಾ ದಿನಕ್ಕೆರಡು ಸಲ ಫೋನು ಮಾಡಿ, ನಿನ್ನ ಹಾಲು ನೀರು, ಮಗು ಸತ್ತರೆ ನಿನ್ನ ಎದೆಯಿಂದಲೇ ಸತ್ತ ಹಾಗೆ ಎನ್ನುತ್ತಿದ್ದಳು. ಬಾತ್ಮಾ ಫೋನು ಕಿತ್ತುಕೊಂಡು ದಿಂಬಿನ ಕೆಳಗೆ ಹಾಕಿದಳು. ಒಲೆಯ ಪಕ್ಕದಲ್ಲಿ ತಕ್ಕಡಿ ಇಟ್ಟು, ತಟ್ಟೆಯ ಮೇಲೆ ಬಟ್ಟೆ ಹಾಸಿ, ಬಟ್ಟೆಯ ಭಾರ ಕಳೆಯುವಂತೆ ತಿರುಪು ಸರಿಪಡಿಸಿ, ಕೂಸನ್ನು ಮಲಗಿಸಿದಳು. ಬರೆದಿಟ್ಟಳು. "ಈಗ ಹಾಲು ಕುಡಿಸು." ಕುಡಿಸಿದ ಮೇಲೆ, ಬಟ್ಟೆ ಬದಲಿಸದೆ ಹಾಗೇ ಮತ್ತೆ ಮಲಗಿಸಿದಳು. ಪಟ್ಟಿ ಏರಿತು. ಚಿಕ್ಕ ಗುಂಡನ್ನು ಮೂರು ಗೆರೆ ದಾಟಿಸಿ, ಇನ್ನರ್ಧ ಗೆರೆ ಸರಿಸಿದ ಮೇಲೆ ನಿಂತಿತು.

"ನೋಡಿದ್ಯಾ? ಮೂವತ್ತೈದು ಗ್ರಾಂ. ಇದು ಗಾಳೀನಾ?"

ಐಪೇರಿ ಬಾಗಿ ನೋಡಿದಳು. "ಅದು ನನ್ನ ಹಾಲಾ?"

"ಮತ್ತೆ ನನ್ನದಾ?"

ಮೂರು ವಾರದಲ್ಲಿ ಮೊದಲ ಸಲ ಮಗಳು ನಕ್ಕಳು. ನಗುವಾಗ ಪಕ್ಕೆ ನೊಂದು ಕೈ ಒತ್ತಿಕೊಂಡಳು.

ಹನ್ನೊಂದು ದಿನ ಹೀಗೇ ನಡೆಯಿತು. ಕೂಸು ಕೆಲವು ದಿನ ಹದಿನೈದು ಗ್ರಾಂ ಏರಿತು, ಕೆಲವು ದಿನ ಮೂವತ್ತು. ತೂಗುವುದು ಬಾತ್ಮಾಳೇ. ಐಪೇರಿ ಮುಂದೆ ಬಂದರೆ "ನಿನ್ನ ಕೈ ನಡುಗುತ್ತೆ, ಬಿಡು" ಎಂದು ಸರಿಸುತ್ತಿದ್ದಳು. ಪಟ್ಟಿ ಓದುವುದನ್ನೂ ತೋರಿಸಿಕೊಟ್ಟಿರಲಿಲ್ಲ.

ಹನ್ನೆರಡನೇ ದಿನ ಸೋಮವಾರ, ಸಂತೆಗೆ ರಜ. ಮಧ್ಯಾಹ್ನ ಸ್ನಾನಕ್ಕೆ ಮುಂಚೆ ಕೂಸನ್ನು ತಟ್ಟೆಯ ಮೇಲೆ ಮಲಗಿಸಿದ್ದರು. ಹೊರಗೆ ಲಾರಿ ನಿಂತ ಸದ್ದಾಯಿತು. ಬಾಗಿಲು ಬಡಿಯದೆ ಮೂವರು ಒಳಗೆ ಬಂದರು: ಎರ್ಮೆಕ್, ಅವನ ಅಣ್ಣ ಬೋಲೋತ್, ಹಿಂದೆ ಕಲೀಚಾ. ಬೂಟು ಕಳಚಿರಲಿಲ್ಲ.

ಕಲೀಚಾ ತಕ್ಕಡಿ ನೋಡಿ ಕೆನ್ನೆ ಪರಚಿಕೊಂಡಳು. "ಅಯ್ಯೋ, ನೋಡ್ರೋ! ನಮ್ಮ ರಕ್ತಾನ ಕುರಿಮಾಂಸದ ಹಾಗೆ ತೂಗ್ತಾ ಕೂತಿದಾರೆ! ನಲವತ್ತು ದಿನದೊಳಗೆ ತೂಗಿದ್ರೆ ಕಣ್ಣು ತಾಗುತ್ತೆ ಅಂತ ಗೊತ್ತಿಲ್ವೇನೇ ನಿಂಗೆ, ಕಟುಕಿ?"

"ಹೊಟ್ಟೇಲಿದ್ದಾಗ್ಲೇ ನಿನ್ನ ಮಗನ ಕಾಲು ತಾಗಿದೆ. ಇನ್ನು ಕಣ್ಣು ತಾಗಿ ಏನಾಗ್ಬೇಕು, ಬೀಗಿತಿ?"

"ಬಿದ್ದಿದ್ದು ಅಂತ ಅವಳೇ ಬರೆಸಿದಾಳೆ," ಎಂದ ಬೋಲೋತ್. "ಸುಮ್ನೆ ಮಾತು ಬೆಳೆಸ್ಬೇಡಿ. ಮಗು ತಗೊಳೋ, ಎರ್ಮೆಕ್. ಮರಿ ಎಳ್ಕೊಂಡು ಹೋದ್ರೆ ಹೆಣ್ಣುಕುದುರೆ ತಾನೇ ಹಿಂದೆ ಬರುತ್ತೆ."

ಎರ್ಮೆಕ್ ತಟ್ಟೆಗೆ ಕೈ ಹಾಕಿದ. ಐಪೇರಿ ಅದರ ಮೇಲೆ ಕವುಚಿಕೊಂಡಳು. ಅವನು ಅವಳ ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಹಿಂದಕ್ಕೆಳೆದ, ತಟ್ಟೆ ಮಗುಚಿತು, ಕೂಸು ಉರುಳಿ ಹಾಸಿಗೆಯ ರಾಶಿಯ ಮೇಲೆ ಬಿತ್ತು. ಬಾತ್ಮಾ ಮುನ್ನುಗ್ಗುವಷ್ಟರಲ್ಲಿ ಬೋಲೋತನ ಮುಷ್ಟಿ ಅವಳ ಬಾಯಿಗೆ ಅಪ್ಪಳಿಸಿತು. ಹಲ್ಲು ಮುರಿದದ್ದು ಅವಳಿಗೆ ತಲೆಯೊಳಗೆ ಕೇಳಿಸಿತು. ಮತ್ತೊಂದು ಏಟಿಗೆ ಬಾಗಿಲಾಚೆಗೆ, ರಜೆಗೆಂದು ಅಂಗಡಿಯಿಂದ ತಂದ ಮೂಳೆ ಕಡಿಯುವ ಕೊಡಲಿ ಒರಗಿಸಿದ್ದ ನಡುಮನೆಗೆ ಹೋಗಿ ಬಿದ್ದಳು.

ಅವಳು ಎದ್ದಾಗ ಕೊಡಲಿ ಕೈಯಲ್ಲಿತ್ತು. ಬೋಲೋತ್ ನೋಡಿ "ಏಯ್, ಏಯ್ ಎಜೆ" ಎಂದು ಅಂಗೈ ಮುಂದೆ ಮಾಡಿದ. ಕೊಡಲಿಯ ಬೆನ್ನು ಅವನ ಕೊರಳ ಕೆಳಗಿನ ಮೂಳೆಗೆ ಬಿತ್ತು. ಒಣಕಟ್ಟಿಗೆಯ ಸದ್ದು. ಅವನು ಗೋಡೆಗೆ ಜಾರಿ ಕೂತ.

ಒಳಗೆ ಎರ್ಮೆಕ್ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಇನ್ನೊಂದರಲ್ಲಿ ಐಪೇರಿಯ ಕತ್ತನ್ನು ಗೋಡೆಗೆ ಒತ್ತಿದ್ದ. ಅವಳ ಮುಖ ಕಪ್ಪಿಡುತ್ತಿತ್ತು. ಕಾಲುಗಳು ನೆಲ ಹುಡುಕುತ್ತಿದ್ದವು. ಬಾತ್ಮಾಳಿಗೆ ಕಂಡದ್ದು ಚೌಕಟ್ಟಿನ ಮೇಲಿದ್ದ ಕೈ ಮಾತ್ರ. ಈ ಸಲ ಕೊಡಲಿಯನ್ನು ತಿರುವಲಿಲ್ಲ. ಒಂದೇ ಏಟು. ಎರಡು ಬೆರಳು ನೆಲಕ್ಕೆ ಬಿದ್ದವು; ಅಲಗು ಮರದಲ್ಲಿ ಕಚ್ಚಿಕೊಂಡಿತು. ಎರ್ಮೆಕ್ ಕತ್ತು ಬಿಟ್ಟು, ತನ್ನ ಕೈಯನ್ನೇ ನೋಡುತ್ತಾ ಮಂಡಿಯೂರಿದ. ಬಾತ್ಮಾ ಅಲಗನ್ನು ಅಲುಗಿಸಿ ಕಿತ್ತುಕೊಂಡಳು. ಬಾಗಿದ ಅವನ ಕುತ್ತಿಗೆ ಅವಳ ಸೊಂಟದ ಮಟ್ಟಕ್ಕಿತ್ತು. ಯಾವ ಎರಡು ಮೂಳೆಗಳ ನಡುವೆ ಸಲೀಸಾಗಿ ಇಳಿಯುತ್ತದೆಂದು ಅವಳಿಗೆ ಗೊತ್ತು. ದಿನಕ್ಕೆ ಆರು ಸಲ ಅದೇ ಕೆಲಸ. ಮನಸ್ಸು ಎಷ್ಟು ತಣ್ಣಗಿತ್ತೆಂದರೆ, ಅವಳು ಕಾಲು ಸರಿಯಾಗಿ ಊರಿಕೊಂಡಳು ಕೂಡ.

"ಅಮ್ಮಾ!" ಐಪೇರಿಯ ದನಿ ಹರಿದು ಬಂತು. "ಕೂಸು ಅಳ್ತಾ ಇಲ್ಲ! ಉಸಿರಾಡ್ತಿದ್ಯಾ ನೋಡಮ್ಮಾ, ಮೊದ್ಲು ಅದನ್ನ ನೋಡು!"

ಕೊಡಲಿ ಬಾತ್ಮಾಳ ಕೈಯಿಂದ ಯಾವಾಗ ಜಾರಿತೋ ಅವಳಿಗೇ ತಿಳಿಯದು. ಹಾಸಿಗೆಯ ರಾಶಿಯಲ್ಲಿ ಮುಖ ಕೆಳಗಾಗಿದ್ದ ಕೂಸನ್ನು ಮಗುಚಿದಳು. ತುಟಿ ನೀಲಿಯಾಗಿತ್ತು. ಹೊಸದಾಗಿ ಹುಟ್ಟಿದ ಕುರಿಮರಿಗೆ ಮಾಡುವ ಹಾಗೆ ಬೆರಳಲ್ಲಿ ಬಾಯಿ ಬಿಡಿಸಿ, ಮೂಗನ್ನು ತನ್ನ ರಕ್ತದ ಬಾಯಿಂದಲೇ ಹೀರಿ, ಬೆನ್ನನ್ನು ಉಜ್ಜಿದಳು. ಒಂದು ಕ್ಷಣ. ಇನ್ನೊಂದು. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಕೂಗು.

ಹಿಂತಿರುಗಿ ನೋಡಿದಾಗ ಕಲೀಚಾ ತಲೆವಸ್ತ್ರ ಬಿಚ್ಚಿ, ಮಗನ ಬೆರಳುಗಳನ್ನು ಅದರೊಳಗೆ ಆರಿಸಿಕೊಳ್ಳುತ್ತಿದ್ದಳು. ಬಿಳಿ ಕೂದಲು, ಸಣ್ಣ ತಲೆ. "ನನ್ನ ಮರಿ, ನನ್ನ ಮರಿ" ಎನ್ನುತ್ತಿದ್ದಳು. ಬಾತ್ಮಾ ಮುಖ ತಿರುಗಿಸಿಕೊಂಡಳು.

ನೆರೆಯವರು ಪೊಲೀಸರನ್ನು ಕರೆದಿದ್ದರು. ಇಬ್ಬರು ಬಂದರು. ಗಾಯಾಳುಗಳನ್ನು ಸಾಗಿಸಿದ ಮೇಲೆ, ಹಿರಿಯ ಪೇದೆ "ನಡೀರಿ ಎಜೆ" ಎಂದ. ಬಾತ್ಮಾ ಕೋಟು ಹಾಕಿಕೊಂಡಳು. ಆಗ ಐಪೇರಿ ಬಾಗಿಲಿಗೆ ಅಡ್ಡ ನಿಂತಳು. ಕತ್ತಿನ ಮೇಲೆ ಐದು ಬೆರಳೂ ಮೂಡಿದ್ದವು.

"ಸ್ವಲ್ಪ ನಿಲ್ಲಿ. ಅಮ್ಮ, ನಂಗೆ ಆ ಪಟ್ಟಿ ಓದೋಕೆ ಬರಲ್ಲ. ಹೇಳ್ಕೊಟ್ಟು ಹೋಗು."

ಪೇದೆ ನೆಲದ ಮೇಲಿನ ರಕ್ತ ನೋಡಿದ, ಗಡಿಯಾರ ನೋಡಿದ, ಹೊರಗೆ ಹೋಗಿ ಸಿಗರೇಟು ಹಚ್ಚಿದ.

ಬಾತ್ಮಾ ಡೊಂಕಾದ ತಟ್ಟೆಯನ್ನು ಮೊಣಕಾಲಿಗಿಟ್ಟು ನೆಟ್ಟಗೆ ಮಾಡಿದಳು. ಮುರಿದ ಹಲ್ಲಿನ ಬಾಯಲ್ಲಿ ಮಾತು ತೊದಲುತ್ತಿತ್ತು. "ಮೊದ್ಲು ಬಟ್ಟೆ ಹಾಕಿ ಎರಡು ಗುಂಡೂ ಎಡಕ್ಕೆ ತಳ್ಳು. ಪಟ್ಟಿ ಸಮ ನಿಲ್ಬೇಕು. ನಿಲ್ದೇ ಇದ್ರೆ ಈ ತಿರುಪು. ಆಮೇಲೆ ಮಗು. ದೊಡ್ಡ ಗುಂಡು ಎರಡು ಕಿಲೋದ ಕಚ್ಚಿನೊಳಗೆ ಕಟ್ ಅಂತ ಕೂರ್ಬೇಕು. ಆಮೇಲೆ ಚಿಕ್ಕದು, ನಿಧಾನ. ಕೈ ತಗೊಂಡ್ಮೇಲೆ ಓದು, ಕೈಯಿಟ್ಕೊಂಡು ಓದ್ಬೇಡ. ಒದ್ದಾಡಿದ್ರೆ ಕಾಯಿ. ಅವಸರ ಮಾಡ್ಬೇಡ." ತೊಟ್ಟಿಕ್ಕುತ್ತಿದ್ದ ರಕ್ತವನ್ನು ತೋಳಿಗೆ ಒರೆಸಿಕೊಂಡಳು. "ಈಗ ನೀನು ಮಾಡು."

ಐಪೇರಿ ಮಾಡಿದಳು. ಕೈ ನಡುಗಲಿಲ್ಲ. "ಎರಡು ಕಿಲೋ ನಾನೂರ ಹತ್ತು."

"ಸರಿ," ಎಂದು ಬಾತ್ಮಾ ಪೊಲೀಸರ ಹಿಂದೆ ಹೋದಳು.

ಮುಂದಿನ ಎರಡು ದಿನ ಕೂಸು ಏರಲಿಲ್ಲ. ಅರವತ್ತು ಗ್ರಾಂ ಇಳಿಯಿತು. ಹೆದರಿಕೆಗೆ ಐಪೇರಿಯ ಹಾಲು ಬತ್ತಿತ್ತು. ಅವಳು ಕಾಯಲಿಲ್ಲ. ನೆರೆಯವರ ಕಾರಿನಲ್ಲಿ ಆಸ್ಪತ್ರೆಗೆ ಎತ್ತಿಕೊಂಡು ಹೋದಳು, ಒಂದು ವಾರ ಅಲ್ಲಿದ್ದು ಹಾಲು ಮರಳಿದ ಮೇಲೆ ಬಂದಳು. ಹೋದ ದಿನವೇ ಹಳೆಯ ಕಾಗದ ತೆಗೆಸಿ, "ಬಿದ್ದದ್ದು" ಎಂದಿದ್ದಲ್ಲಿ "ಒದ್ದದ್ದು" ಎಂದು ಬರೆಸಿದಳು.

ಬಂದಿಖಾನೆಯಲ್ಲಿ ಹೆಂಗಸರು ಬಾತ್ಮಾಳಿಗೆ ಕಿಟಕಿಯ ಪಕ್ಕದ ಮಂಚ ಬಿಟ್ಟುಕೊಟ್ಟರು. ಮೊದಲ ವಾರ ಅವಳು ಕೊಡಲಿಯ ಎರಡೂ ಕಥೆಗಳನ್ನು ಹೇಳಿ ಅವರನ್ನು ನಗಿಸಿದಳು. ಅಲ್ಲಿ ಗಂಡನನ್ನು ಕೊಂದು ಬಂದಿದ್ದ ಒಬ್ಬ ಚಿಕ್ಕ ವಯಸ್ಸಿನವಳಿದ್ದಳು. ಅವಳು ನಗದೆ ಕೇಳಿದಳು: "ಗಂಡನ ಕಾಲು ಮುರಿದಾಗ ನಿಮ್ಮ ಮಗಳು ಎಲ್ಲಿದ್ದಳು, ಎಜೆ?" ಬಾತ್ಮಾ ಕಿಟಕಿಯ ಕಡೆಗೆ ತಿರುಗಿ ಮಲಗಿದಳು. ಮತ್ತೆ ಆ ಕಥೆಯನ್ನು ಅವಳು ಎಲ್ಲೂ ಹೇಳಲಿಲ್ಲ.

ಊರ ಹಿರಿಯರು ರಾಜಿಗೆ ಬಂದರು: ಸೊಸೆ ಮಗುವಿನ ಜೊತೆ ಹಿಂತಿರುಗಲಿ, ಬೆರಳಿನ ಮೊಕದ್ದಮೆ ಬಿಡುತ್ತಾರೆ, ತಾಯಿ ಮನೆಗೆ ಬರುತ್ತಾಳೆ. ಐಪೇರಿ ಅವರಿಗೆ ಚಹಾ ಕೊಟ್ಟಳು. ಐದು ಮುದುಕರ ಐದು ಬಟ್ಟಲನ್ನೂ ಅಂಚಿನವರೆಗೆ ತುಂಬಿಸಿ ಕೊಟ್ಟಳು. ಅವರು ಗಡ್ಡ ನೀವಿಕೊಂಡು ಎದ್ದು ಹೋದರು.

ನ್ಯಾಯಾಲಯದಲ್ಲಿ ಅವಳು ನಿಂತು ಎಲ್ಲವನ್ನೂ ಹೇಳಿದಳು, ಎಷ್ಟು ಮೆಲ್ಲಗೆ ಎಂದರೆ ನ್ಯಾಯಾಧೀಶರು ಎರಡು ಸಲ ಜೋರಾಗಿ ಎನ್ನಬೇಕಾಯಿತು. ಎರ್ಮೆಕ್‌ಗೆ ಎರಡು ವರ್ಷ ಶಿಕ್ಷೆಯಾಯಿತು. ಬಾತ್ಮಾಳಿಗೆ ಮೂರು. ಅದರಲ್ಲಿ ಒಳಗೆ ಕಳೆದ ಐದು ತಿಂಗಳು ಬಿಟ್ಟು ಉಳಿದದ್ದನ್ನು ಹೊರಗಿದ್ದೇ, ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕುತ್ತಾ ಕಳೆಯಬೇಕೆಂದು ತೀರ್ಪಾಯಿತು.

ಜುಲೈಯಲ್ಲಿ ಅವಳು ಮನೆಗೆ ಬಂದಳು. ಅಂಗಡಿಯನ್ನು ಐಪೇರಿ ನಡೆಸುತ್ತಿದ್ದಳು, ಮೂಳೆ ಕಡಿಯಲು ಗರಗಸ ಇಟ್ಟುಕೊಂಡು. ಹಿಟ್ಟಿನಂಥ ಮೂಳೆಪುಡಿ ಅವಳ ತೋಳಿಗೆ ಅಂಟಿತ್ತು. ಕೂಸಿಗೆ ತುರ್ಸುನ್‌ಗುಲ್ ಎಂದು, ಉಳಿಯಲಿ ಎಂಬ ಅರ್ಥದಲ್ಲಿ, ಹೆಸರಿಟ್ಟಿದ್ದಳು. ಆರು ಕಿಲೋ ದಾಟಿ ತಟ್ಟೆಯಿಂದ ಹೊರಗೆ ಕಾಲು ಚಾಚುತ್ತಿದ್ದದ್ದರಿಂದ ತಕ್ಕಡಿಯನ್ನು ಪಕ್ಕದ ಹಳ್ಳಿಯೊಂದರ ದಾದಿಗೆ ಕೊಟ್ಟುಬಿಟ್ಟಿದ್ದಳು.

"ಒಂದು ಮಾತು ಹೇಳ್ಬೇಕು," ಎಂದಳು ಐಪೇರಿ, ತಾಯಿ ಇನ್ನೂ ಹೊಸ್ತಿಲಲ್ಲಿರುವಾಗಲೇ. "ನೀನು ನನ್ನ ಜೀವ ಉಳಿಸಿದೆ. ಅದನ್ನ ಮರೆಯಲ್ಲ. ಆದ್ರೆ ನೀನು ಅವತ್ತು ಕಾಲು ಊರ್ಕೊಂಡಿದ್ದನ್ನೂ ನೋಡ್ದೆ. ನಂಗೆ ಅವನಷ್ಟೇ ನಿನ್ನ ಕಂಡ್ರೂ ಭಯ ಆಯ್ತಮ್ಮ. ಇವಳ ಮುಂದೆ ಒಂದು ಸಲ ಕೈ ಎತ್ತಿದ್ರೂ ನಾನು ಈ ಮನೇಲಿ ಇರಲ್ಲ."

ಹಿಂದಿನ ಬಾತ್ಮಾ ಆಗಿದ್ದರೆ ಇಷ್ಟಕ್ಕೇ ಕೈ ಎತ್ತುತ್ತಿದ್ದಳು. ಈಗ ಬೂಟು ಕಳಚಿ ಒಳಗೆ ಬಂದು, ಮೊಮ್ಮಗಳನ್ನು ಎತ್ತಲು ಬಾಗಿದಳು. ಮಗು ಗುರುತಿಲ್ಲದ ಮುಖ ನೋಡಿ ಕಿಟಾರನೆ ಕಿರುಚಿಕೊಂಡಿತು. ಬಾತ್ಮಾ ಬೆದರಿದವಳಂತೆ ಹಿಂದೆ ಸರಿದು, ಗೋಡೆಯ ಬದಿಯ ಹಾಸಿನ ಮೇಲೆ ಕೂತು, ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡಳು.

ಮಗು ಅಳುತ್ತಾ ಅಳುತ್ತಾ ಇವಳನ್ನೇ ನೋಡಿತು. ಬಿಕ್ಕುತ್ತಾ ಮಗುಚಿಕೊಂಡಿತು, ತಲೆಯೆತ್ತಿತು, ಮತ್ತೆ ನೋಡಿತು.

"ಕರೀಬೇಡ," ಎಂದಳು ಐಪೇರಿ ಒಲೆಯ ಕಡೆಯಿಂದ. "ಸುಮ್ನೆ ಕೂತಿರು. ತಾನೇ ಅಭ್ಯಾಸ ಆಗುತ್ತೆ."

ಬಾತ್ಮಾ ಸುಮ್ಮನೆ ಕೂತಳು. ಹಿಂದೆಂದೂ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅವಳಿಗೆ ನೆನಪಿರಲಿಲ್ಲ. ಹೊರಗೆ ಯಾರದೋ ಕುರಿಮಂದೆ ಬೆಟ್ಟದ ಹುಲ್ಲಿಗೆ ಹೊರಟಿತ್ತು. ಕಿಟಕಿಯ ಆಚೆ ಧೂಳೆದ್ದು, ನಿಧಾನವಾಗಿ ಇಳಿಯಿತು.